ಬೀರುವಿನಲ್ಲಿ ಹೂತಿಟ್ಟ ತಲಾಂತು

ನವೆಂಬರ್ 22 ಸಂತ ಸಿಸಿಲಿಯಾ ಅವರ ಹಬ್ಬ. ಆದಿ ಧರ್ಮಸಭೆಯ ಕಾಲದಲ್ಲಿ ರೋಮ್ ನಗರದಲ್ಲಿ ರಕ್ತಸಾಕ್ಷಿಯಾದ ಈ ಕನ್ಯೆಯನ್ನು ಧರ್ಮಸಭೆಯು ಸಂಗೀತದ ಪಾಲಕ ಸಂತರೆಂದು ಗೌರವಿಸುತ್ತ ಬಂದಿದೆ. ತಮ್ಮ ವಿವಾಹದ ದಿನ ಸುತ್ತಲೂ ವಾದ್ಯಗಳು ಮೊಳಗುತ್ತಿರುವಾಗ ಅವರು ತಮ್ಮ ಹೃದಯದೊಳಗೆ ದೇವರಿಗಾಗಿ ಹಾಡಿಕೊಳ್ಳುತ್ತಿದ್ದರು ಎಂಬುದು ಪರಂಪರೆಯ ಮಾತು. ಮುಂದೆ ಬಂದ ಚಿತ್ರಕಾರರು ಅವರ ಕೈಗೆ ಆರ್ಗನ್ ವಾದ್ಯವನ್ನು ಕೊಟ್ಟರು. ಕತೆಯಲ್ಲಿ ಮಾತ್ರ ವಾದ್ಯವಿರುವುದು ಹೊರಗೆ, ಹಾಡಿರುವುದು ಒಳಗೆ. ಹೊರಗಿನದೂ ಒಳಗಿನದೂ ಒಂದುಗೂಡದಿದ್ದರೆ ವಾದ್ಯವೆಂಬುದು ಮರ, ಚರ್ಮ, ತಂತಿಗಳಿಂದಾದ ಒಂದು ಸಾಮಾನಾಗಿ ಉಳಿದುಬಿಡುತ್ತದೆ.

ಈ ಹಬ್ಬದಿಂದ ಕ್ರಿಸ್ತಜಯಂತಿಯವರೆಗಿನ ದಿನಗಳು ನಮ್ಮ ಧರ್ಮಕೇಂದ್ರಗಳಲ್ಲಿ ಕೊಡುಗೆಯ ಕಾಲ. ಯುವಜನರ ಸಂಘದವರು, ಸಂತ ವಿನ್ಸೆಂಟ್ ದಿ ಪಾಲ್ ಸಭೆಯ ಬಂಧುಗಳು, ಗಾನವೃಂದದವರು ಮನೆಮನೆಗೆ ಹೋಗಿ ಹಣ ಕೂಡಿಸುತ್ತಾರೆ. ಕಂಬಳಿ, ಅಕ್ಕಿ, ನೋಟುಪುಸ್ತಕಗಳ ಜೊತೆಗೆ ಶಾಲೆಯೊಂದಕ್ಕೆ ಸಂಗೀತ ವಾದ್ಯಗಳನ್ನೂ ಕೊಡೋಣವೆಂಬ ಯೋಚನೆ ಕೆಲವೆಡೆ ಮೂಡುತ್ತಿರುವುದು ಸಂತೋಷದ ಸಂಗತಿ. ಒಂದು ಹಾರ್ಮೋನಿಯಂ, ಒಂದು ಜೊತೆ ತಬಲ, ನಾಲ್ಕಾರು ಕೊಳಲು, ಅನುಕೂಲವಿದ್ದರೆ ಒಂದು ಬ್ಯಾಂಡ್ ಸೆಟ್ಟು. ಕೊಡುವ ದಿನ ಶಾಲೆಯ ಅಂಗಳದಲ್ಲಿ ಶಾಮಿಯಾನ ಏಳುತ್ತದೆ. ಹಾರ, ಭಾಷಣ, ಛಾಯಾಚಿತ್ರಗಳಾಗುತ್ತವೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಇಲ್ಲಿಯವರೆಗೆ ಎಲ್ಲವೂ ಚೆನ್ನ. ಈ ಲೇಖನದ ಪ್ರಶ್ನೆಯಿರುವುದು ಅದರ ಮರುದಿನದ ಕುರಿತು. ಅತಿಥಿಗಳು ಹೋದ ಮೇಲೆ ಆ ವಾದ್ಯ ಎಲ್ಲಿರುತ್ತದೆ?

ನಾದದ ನೆಲ

ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ ನಾವು ನಿಂತಿರುವ ನೆಲವನ್ನೊಮ್ಮೆ ನೋಡೋಣ. ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದ ನಮ್ಮ ತುಮಕೂರು ಜಿಲ್ಲೆಯ ಊರುಗಳಿಗೆ ಸಂಗೀತ ಹೊರಗಿನಿಂದ ಬಂದ ಅಲಂಕಾರವಲ್ಲ. ತುಮಕೂರು ಎಂಬ ಹೆಸರು ತುಂಬೆ ಹೂವಿನಿಂದ ಬಂದಿತೆನ್ನುವವರುಂಟು. 'ಟುಮುಕಿ' ಎಂಬ ಸಣ್ಣ ಚರ್ಮವಾದ್ಯದಿಂದ ಬಂದಿತೆನ್ನುವವರೂ ಉಂಟು. ಕುಣಿಗಲ್ ಎಂದರೆ ಕುಣಿಯುವ ಕಲ್ಲು, ಶಿವನು ಕುಣಿದ ಸ್ಥಳ ಎಂಬ ಐತಿಹ್ಯವಿದೆ. ಆ ಊರಿನ ಕೆರೆಯನ್ನು ಕಣ್ಣಿನಿಂದ ಕಾಣದವರೂ ಅದರ ಮೇಲಿನ ಜನಪದ ಗೀತೆಯನ್ನು ಕೇಳಿ ಬಲ್ಲರು. ಹಾಡಿನ ಮೂಲಕ ನಾಡಿಗೆಲ್ಲ ಪರಿಚಿತವಾದ ಕೆರೆಗಳು ಎಷ್ಟಿವೆ?

ಇನ್ನು ಗುಬ್ಬಿಯ ಮಾತೇ ಬೇರೆ. 1884ರಲ್ಲಿ ಅಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಕನ್ನಡ ನಾಡಿನ ಹೆಮ್ಮೆಯ ಕಂಪನಿಯಾಯಿತು. ವೃತ್ತಿರಂಗಭೂಮಿಯಲ್ಲಿ ಮಾತಿಗಿಂತ ಹಾಡಿಗೆ ಹೆಚ್ಚಿನ ಬೆಲೆಯಿದ್ದ ಆ ದಿನಗಳಲ್ಲಿ ಪೆಡಲು ತುಳಿದು ನುಡಿಸುವ ಕಾಲು ಹಾರ್ಮೋನಿಯಂ ಇಲ್ಲದೆ ಪರದೆ ಏಳುತ್ತಿರಲಿಲ್ಲ. ಆ ಕಂಪನಿಯ ಇತಿಹಾಸದಲ್ಲಿ ನಮ್ಮ ವಿಷಯಕ್ಕೆ ತಕ್ಕ ಒಂದು ಘಟನೆಯಿದೆ. ದಕ್ಷಿಣ ಕನ್ನಡದಿಂದ ಮನೆ ಬಿಟ್ಟು ಓಡಿಬಂದ ಹುಡುಗನೊಬ್ಬ ಗುಬ್ಬಿ ಕಂಪನಿಯಲ್ಲಿ ಆಶ್ರಯ ಪಡೆದ. ವೀರಣ್ಣನವರು ಅವನಿಗೆ ಪಾತ್ರ ಕೊಟ್ಟು ಸುಮ್ಮನಾಗದೆ, ಮುಂದೆ ಅವನನ್ನು ಹೆಚ್ಚಿನ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದರು. ಆ ಹುಡುಗನೇ ರಂಗಸಂಗೀತಕ್ಕೆ ಹೊಸ ದಾರಿ ತೋರಿದ ಬಿ.ವಿ. ಕಾರಂತರು (1929–2002). ಕಂಪನಿಯಲ್ಲಿ ವಾದ್ಯಗಳಿಗೆ ಕೊರತೆಯಿರಲಿಲ್ಲ. ಹಾಗಿದ್ದೂ ಹಿರಿಯರಾದ ವೀರಣ್ಣನವರು ಹಣ ತೊಡಗಿಸಿದ್ದು ವಾದ್ಯದ ಮೇಲಲ್ಲ, ಮನುಷ್ಯನ ಮೇಲೆ.

ಬೀಗ ಬೀಳುವ ಬಗೆ

ಈಗ ನಮ್ಮ ಪ್ರಶ್ನೆಗೆ ಬರೋಣ. ದಾನವಾಗಿ ಬಂದ ವಾದ್ಯ ಹಲವು ಶಾಲೆಗಳಲ್ಲಿ ಸೇರುವುದು ಬೀರುವನ್ನು. ಇದಕ್ಕೆ ಕಾರಣ ಯಾರದೇ ಕೆಟ್ಟ ಬುದ್ಧಿಯಲ್ಲ, ಜವಾಬ್ದಾರಿಯ ಭಯ. ಸರ್ಕಾರಿ ಶಾಲೆಗೆ ಬಂದ ವಸ್ತು ದಾಸ್ತಾನು ವಹಿಯಲ್ಲಿ ದಾಖಲಾಗುತ್ತದೆ. ದಾಖಲಾದ ವಸ್ತುವಿಗೆ ಮುಖ್ಯೋಪಾಧ್ಯಾಯರು ಹೊಣೆ. ಲೆಕ್ಕ ತಪಾಸಣೆಯವರು ಬಂದಾಗ, ವರ್ಗಾವಣೆಯಾಗಿ ಪ್ರಭಾರ ಒಪ್ಪಿಸುವಾಗ, ವಹಿಯಲ್ಲಿರುವುದನ್ನೆಲ್ಲ ಎತ್ತಿ ತೋರಿಸಬೇಕು. ಹರಿದ ತಬಲವನ್ನು ತೋರಿಸಿ ಕಾರಣ ಹೇಳುವುದಕ್ಕಿಂತ, ಮುಟ್ಟದ ತಬಲವನ್ನು ತೋರಿಸಿ ಸಹಿ ಹಾಕಿಸಿಕೊಳ್ಳುವುದು ಸುಲಭ. ಹೀಗಾಗಿ ಶಾಲೆಯ ಮುಖ್ಯೋಪಾಧ್ಯಾಯರು ಎಷ್ಟು ಪ್ರಾಮಾಣಿಕರೋ ಬೀಗವೂ ಅಷ್ಟು ಗಟ್ಟಿಯಾಗಿರುವ ಸಂಭವವುಂಟು! ನಮ್ಮದೇ ಆಡಳಿತದ ಶಾಲೆಗಳು ಇದಕ್ಕೆ ಹೊರತೆಂದು ಯಾರೂ ಭಾವಿಸಬೇಕಾಗಿಲ್ಲ. ಗಣರಾಜ್ಯೋತ್ಸವಕ್ಕೆ, ವಾರ್ಷಿಕೋತ್ಸವಕ್ಕೆ, ಮಹಾಧರ್ಮಾಧ್ಯಕ್ಷರ ಭೇಟಿಗೆ ಮಾತ್ರ ಹೊರಬಂದು, ಮತ್ತೆ ಗೋಣಿಚೀಲದೊಳಗೆ ಮಲಗುವ ಬ್ಯಾಂಡ್ ಸೆಟ್ಟುಗಳನ್ನು ನಾವೆಲ್ಲರೂ ನೋಡಿದ್ದೇವೆ.

ಬೀಗ ಹಾಕಿದರೆ ವಾದ್ಯ ಉಳಿಯುತ್ತದೆಯೇ? ಅದೂ ಇಲ್ಲ. ಹಾರ್ಮೋನಿಯಂ ಗಾಳಿಯಿಂದ ಬದುಕುವ ವಾದ್ಯ. ತಿದಿಯು ದಿನವೂ ತೆರೆದು ಮುಚ್ಚುತ್ತಿದ್ದರೆ ಅದರ ಮಡಿಕೆಗಳು ಮೃದುವಾಗಿರುತ್ತವೆ. ಒಳಗಿನ ಹಿತ್ತಾಳೆಯ ಸಣ್ಣ ನಾಲಿಗೆಗಳು ಧೂಳು ಹಿಡಿಯದೆ ಮಿಡಿಯುತ್ತವೆ. ತಿಂಗಳುಗಟ್ಟಲೆ ಮುಚ್ಚಿಟ್ಟರೆ ತೇವ ಏರುತ್ತದೆ, ಇಲಿ ತಿದಿಯನ್ನು ಕಡಿಯುತ್ತದೆ, ಒತ್ತಿದ ಮನೆ ಮೇಲೇಳುವುದಿಲ್ಲ. ತಬಲದ ಚರ್ಮ ಸಡಿಲಗೊಳ್ಳುತ್ತದೆ; ಗಿಟಾರಿನ ಉಕ್ಕಿನ ತಂತಿ ತುಕ್ಕು ಹಿಡಿಯುತ್ತದೆ; ಕೀಬೋರ್ಡಿನಲ್ಲಿ ಮರೆತು ಬಿಟ್ಟ ಬ್ಯಾಟರಿ ಸೋರಿ ಒಳಗಿನದನ್ನೆಲ್ಲ ತಿನ್ನುತ್ತದೆ. ನುಡಿಸಿದ ವಾದ್ಯ ಸವೆಯುತ್ತದೆ ನಿಜ. ನುಡಿಸದ ವಾದ್ಯ ಕೊಳೆಯುತ್ತದೆ. ಸವೆದದ್ದನ್ನು ಸರಿಪಡಿಸಬಹುದು.

ಇಲ್ಲಿ ಸಂತ ಮತ್ತಾಯರ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಬರುವ ತಲಾಂತುಗಳ ಸಾಮತಿಯನ್ನು ನೆನೆಯದಿರಲಾಗದು. ತಲಾಂತು ಎಂದರೆ ಸಣ್ಣ ಮೊತ್ತವಲ್ಲ. ಅಂದಿನ ಕೂಲಿಯಾಳಿನ ಸುಮಾರು 6,000 ದಿನಗಳ ದುಡಿಮೆಗೆ ಸಮ. ಒಂದು ತಲಾಂತನ್ನು ಪಡೆದ ಮೂರನೆಯ ಆಳು ಅದನ್ನು ಕದಿಯಲಿಲ್ಲ, ಕುಡಿದು ಹಾಳುಮಾಡಲಿಲ್ಲ, ಜೂಜಾಡಲಿಲ್ಲ. ಭಯಪಟ್ಟು ನೆಲದಲ್ಲಿ ಹೂತಿಟ್ಟ. ಯಜಮಾನ ಬಂದಾಗ ಒಂದಿಷ್ಟೂ ಕಡಿಮೆಯಾಗದಂತೆ ಹಿಂದಿರುಗಿಸಿದ. ಲೆಕ್ಕ ತಪಾಸಣೆಯ ದೃಷ್ಟಿಯಿಂದ ಅವನಲ್ಲಿ ಲವಲೇಶವೂ ದೋಷವಿಲ್ಲ. ಆದರೂ ಯಜಮಾನ ಮುನಿದದ್ದು ಅವನ ಮೇಲೆಯೇ. ಯೇಸುಸ್ವಾಮಿ ಈ ಸಾಮತಿಯಲ್ಲಿ ಎಚ್ಚರಿಸುವುದು ಕಳ್ಳನನ್ನಲ್ಲ, ಹೆದರಿಕೆಯಿಂದ ಕಾಪಾಡುವವನನ್ನು. ಶಾಲೆಯ ಬೀರುವಿನಲ್ಲಿ ಭದ್ರವಾಗಿರುವ ಹಾರ್ಮೋನಿಯಂ ಆ ಹೂತಿಟ್ಟ ತಲಾಂತೇ ಆಗಿದೆ. ಬೀಗ ಹಾಕಿದವರನ್ನು ನಿಂದಿಸುವ ಮೊದಲು, ಬೀಗ ಹಾಕಲೇಬೇಕಾದಂತೆ ವಾದ್ಯವನ್ನು ಕೊಟ್ಟವರು ನಾವಲ್ಲವೇ ಎಂದು ದಾನಿಗಳು ಕೇಳಿಕೊಳ್ಳಬೇಕು.

ಅನ್ನವೋ ಆಲಾಪವೋ?

ಇದನ್ನು ಓದುತ್ತಿರುವ ಕೆಲವರ ಮನಸ್ಸಿನಲ್ಲಿ ಇನ್ನೊಂದು ಆಕ್ಷೇಪಣೆ ಎದ್ದಿರಬಹುದು. ಸೋರುವ ಚಾವಣಿ, ಬಾಗಿಲಿಲ್ಲದ ಶೌಚಾಲಯ, ಕುಡಿಯಲು ನೀರಿಲ್ಲದ ಶಾಲೆಗಳಿರುವಾಗ ತಬಲ ಕೊಳಲುಗಳ ಮಾತೇಕೆ? ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಹಸಿದವನಿಗೆ ಒಳ್ಳೆಯ ಮಾತನ್ನಷ್ಟೇ ಹೇಳಿ ಕಳುಹಿಸಿದರೆ ಏನು ಪ್ರಯೋಜನವೆಂದು ಸಂತ ಯಾಕೋಬರು ತಮ್ಮ ಪತ್ರದಲ್ಲಿ ಕೇಳಿಯೇ ಇದ್ದಾರೆ. ಆದರೆ ಅನ್ನ ಮೊದಲು, ಹಾಡು ಆಮೇಲೆ ಎಂಬ ಸಾಲನ್ನು ಬಡವರ ಮಕ್ಕಳಿಗಾಗಿ ಮಾತ್ರ ಏಕೆ ಮಾಡುತ್ತೇವೆ? ಅನುಕೂಲಸ್ಥರು ತಮ್ಮ ಮಕ್ಕಳನ್ನು ಬೆಳಿಗ್ಗೆ ಶಾಲೆಗೂ ಸಂಜೆ ಸಂಗೀತ ಪಾಠಕ್ಕೂ ಕಳುಹಿಸುತ್ತಾರೆ. ಎಲ್ಲ ಸಾಲವೂ ತೀರಿದ ಮೇಲೆ ಮಗು ಹಾಡಲಿ ಎಂದು ಅವರು ಕಾಯುವುದಿಲ್ಲ.

ಕನ್ನಡ ನಾಡಿನಲ್ಲಿಯೇ ಇದಕ್ಕೆ ಒಂದು ಜೀವಂತ ಉತ್ತರವಿದೆ. ಅದು ಗದಗದ ವೀರೇಶ್ವರ ಪುಣ್ಯಾಶ್ರಮ. ಹುಟ್ಟುಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲಿನ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಸಂಗೀತ ಕಲಿತು, ತಮ್ಮಂತೆಯೇ ಕಣ್ಣಿಲ್ಲದ ಮಕ್ಕಳನ್ನು, ಬಡವರ ಮಕ್ಕಳನ್ನು ಕೂಡಿಸಿಕೊಂಡು ಊರೂರು ಅಲೆದು ಕಲಿಸಿದರು. ಅವರ ನಂತರ ಆ ಹೊಣೆಯನ್ನು ಹೊತ್ತ ಪುಟ್ಟರಾಜ ಗವಾಯಿಗಳು (1914–2010) ಸ್ವತಃ ದೃಷ್ಟಿಹೀನರಾಗಿದ್ದು ಹಲವು ವಾದ್ಯಗಳಲ್ಲಿ ಪಾರಂಗತರಾಗಿದ್ದರು. ಆಶ್ರಮದಲ್ಲಿ ಮಗುವಿಗೆ ಅನ್ನ, ವಸತಿ, ವಾದ್ಯ, ಗುರು ನಾಲ್ಕೂ ಒಟ್ಟಿಗೆ ದೊರೆತವು. ಆಶ್ರಮದ ಖರ್ಚಿಗೆ ಹಣ ಸಾಲದಾದಾಗ ಗವಾಯಿಗಳು ನಾಟಕ ಸಂಘವನ್ನೇ ಕಟ್ಟಿ, ಆಡಿಸಿ, ಬಂದ ಹಣದಿಂದ ಮಕ್ಕಳನ್ನು ಸಲಹಿದರು. ಅಂದರೆ ಹಾಡೇ ಅನ್ನವನ್ನು ತಂದಿತು. ಪಂಚಾಕ್ಷರಿ ಗವಾಯಿಗಳ ಶಿಷ್ಯರಲ್ಲಿ ಬಸವರಾಜ ರಾಜಗುರು ಅವರೂ, ಪುಟ್ಟರಾಜ ಗವಾಯಿಗಳ ಶಿಷ್ಯರಲ್ಲಿ ಎಂ. ವೆಂಕಟೇಶಕುಮಾರ್ ಅವರೂ ಇದ್ದಾರೆಂದರೆ ಆ ನೆಲದ ಫಲವತ್ತತೆ ತಿಳಿಯುತ್ತದೆ. ಹಾಗೆಂದು ಅಲ್ಲಿ ಕಲಿತವರೆಲ್ಲರೂ ಪ್ರಸಿದ್ಧರಾಗಲಿಲ್ಲ. ಎಷ್ಟೋ ಮಂದಿ ತಮ್ಮ ಊರುಗಳಲ್ಲಿ ಸಂಗೀತ ಪಾಠ ಹೇಳಿ, ಭಜನೆಗೆ ಹಾರ್ಮೋನಿಯಂ ನುಡಿಸಿ, ಯಾರ ಮುಂದೆಯೂ ಕೈಯೊಡ್ಡದೆ ಬದುಕಿದರು. ನಮ್ಮ ತುಮಕೂರಿನಲ್ಲಿಯೂ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು (1907–2019) ಅನ್ನ, ಆಶ್ರಯ, ಅಕ್ಷರಗಳನ್ನು ಒಂದರಿಂದೊಂದು ಬೇರ್ಪಡಿಸದೆ ಜಾತಿ ಮತ ಕೇಳದೆ ಮಕ್ಕಳಿಗೆ ನೀಡಿದ್ದನ್ನು ಕಂಡವರು ನಾವು. ಮನುಷ್ಯನ ಹಸಿವನ್ನು ತುಂಡು ತುಂಡಾಗಿ ನೋಡಬಾರದೆಂಬುದು ಅವರ ದಾಸೋಹದ ಪಾಠ.

ನಮ್ಮ ಧರ್ಮಸಭೆಯಲ್ಲಿಯೂ ಇದಕ್ಕೆ ಹತ್ತಿರದ ನಿದರ್ಶನವಿದೆ. ಹಿಮಾಲಯದ ತಪ್ಪಲಿನ ಕಾಲಿಂಪಾಂಗ್‌ನಲ್ಲಿ ಯೇಸುಸಭೆಯ ಗುರುಗಳಾದ ಕೆನಡಾ ಮೂಲದ ಫಾದರ್ ಎಡ್ವರ್ಡ್ ಮೆಗ್ವಾಯರ್ ಅವರು 1993ರಲ್ಲಿ ಗಾಂಧಿ ಆಶ್ರಮ ಶಾಲೆಯನ್ನು ಆರಂಭಿಸಿದರು. ಕೂಲಿಕಾರರ ಮಕ್ಕಳಿಗಾಗಿಯೇ ಇರುವ ಆ ಶಾಲೆಯಲ್ಲಿ ಊಟ ಕೊಟ್ಟು, ಅಕ್ಷರ ಕಲಿಸಿ, ಅದರೊಂದಿಗೆ ಪಿಟೀಲನ್ನೂ ಕಲಿಸುತ್ತಾರೆ. ಹೊರದೇಶಗಳಿಂದ ಬಂದ ಸ್ವಯಂಸೇವಕರು ಅಲ್ಲಿ ನಿಂತು ಪಾಠ ಹೇಳಿದ್ದಾರೆ. ಫಾದರ್ ಮೆಗ್ವಾಯರ್ 2005ರಲ್ಲಿ ದೈವಾಧೀನರಾದರು. ಅವರು ಹುಟ್ಟುಹಾಕಿದ ಪಾಠ ಅವರೊಂದಿಗೆ ನಿಲ್ಲಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಗೋವೆಯ ಧರ್ಮಕೇಂದ್ರದ ಶಾಲೆಗಳು ಕಾಣುತ್ತವೆ. ಪೋರ್ಚುಗೀಸರ ಆಳ್ವಿಕೆಯಲ್ಲಿ ಚರ್ಚಿಗೆ ಸೇರಿದ ಶಾಲೆಗಳಲ್ಲಿ ಸ್ವರ ಓದುವುದನ್ನು, ಪಿಟೀಲು ನುಡಿಸುವುದನ್ನು ಕಲಿಸಲು 'ಮೆಸ್ತ್ರಿ' ಎಂಬ ಸಂಗೀತದ ಉಪಾಧ್ಯಾಯರೇ ಇರುತ್ತಿದ್ದರು. ಅವರ ಕೈಯಲ್ಲಿ ಪಳಗಿದ ಗೋವೆಯ ವಾದ್ಯಗಾರರೇ ಮುಂದೆ ಮುಂಬಯಿಯ ಹಿಂದಿ ಚಲನಚಿತ್ರಗಳ ವಾದ್ಯವೃಂದಗಳಿಗೆ ಬೆನ್ನೆಲುಬಾದರು. ಗದಗ, ಕಾಲಿಂಪಾಂಗ್, ಗೋವೆ — ಮೂರೂ ಕಡೆ ಸಮಾನವಾಗಿರುವುದು ಬೆಲೆಬಾಳುವ ವಾದ್ಯವಲ್ಲ. ದಿನವೂ ಬರುವ ಗುರು.

ಕೊಳಲು ಯಾರಿಗೆ?

ಒಳ್ಳೆಯದು, ವಾದ್ಯ ಬಂತು, ಗುರುವೂ ಬಂದರು ಎನ್ನೋಣ. ಇನ್ನೂರು ಮಕ್ಕಳ ಶಾಲೆಯಲ್ಲಿ ನಾಲ್ಕೇ ಕೊಳಲು. ಯಾರಿಗೆ ಕೊಡಬೇಕು? ಇದು ತತ್ವಶಾಸ್ತ್ರದ ಹಳೆಯ ಪ್ರಶ್ನೆ. ಗ್ರೀಸಿನ ಅರಿಸ್ಟಾಟಲನು ತನ್ನ 'ರಾಜನೀತಿ' ಗ್ರಂಥದಲ್ಲಿ, ಉತ್ತಮ ಕೊಳಲು ಸಲ್ಲಬೇಕಾದದ್ದು ಉತ್ತಮ ಕುಲದವನಿಗಾಗಲಿ ರೂಪವಂತನಿಗಾಗಲಿ ಅಲ್ಲ, ಅದನ್ನು ಚೆನ್ನಾಗಿ ನುಡಿಸಬಲ್ಲವನಿಗೆ ಎಂದು ವಾದಿಸುತ್ತಾನೆ. ನಮ್ಮ ಕಾಲದ ಅಮರ್ತ್ಯ ಸೇನ್ ಅವರು 2009ರಲ್ಲಿ ಪ್ರಕಟಿಸಿದ 'ದಿ ಐಡಿಯಾ ಆಫ್ ಜಸ್ಟಿಸ್' ಗ್ರಂಥದಲ್ಲಿ ಅದೇ ಕೊಳಲನ್ನು ಮೂವರು ಮಕ್ಕಳ ನಡುವೆ ಇಡುತ್ತಾರೆ. ಒಬ್ಬಳಿಗೆ ನುಡಿಸಲು ಬರುತ್ತದೆ. ಇನ್ನೊಬ್ಬನಿಗೆ ಆಡಲು ಬೇರೆ ಯಾವ ಆಟಿಕೆಯೂ ಇಲ್ಲ. ಮತ್ತೊಬ್ಬಳು ಅದನ್ನು ತನ್ನ ಕೈಯಾರೆ ಮಾಡಿದವಳು. ಮೂವರ ವಾದದಲ್ಲಿಯೂ ನ್ಯಾಯವಿದೆ. ಸರ್ವರೂ ಒಪ್ಪುವ ಒಂದೇ ತೀರ್ಪು ಸಿಗುವುದು ಕಷ್ಟವೆಂಬುದೇ ಸೇನರ ಅಭಿಪ್ರಾಯ.

ಶಾಲೆಯ ಅಂಗಳದಲ್ಲಿ ನಿಂತು ನೋಡಿದರೆ ಅರಿಸ್ಟಾಟಲನ ನಿಯಮಕ್ಕೆ ಒಂದು ತೊಡಕು ಎದುರಾಗುತ್ತದೆ. ಚೆನ್ನಾಗಿ ನುಡಿಸಬಲ್ಲವನು ಯಾರೆಂದು ಅಲ್ಲಿ ಇನ್ನೂ ಯಾರಿಗೂ ತಿಳಿದಿಲ್ಲ. ನುಡಿಸಬಲ್ಲ ಮಗುವಿಗೇ ತಿಳಿದಿಲ್ಲ. ಇದಕ್ಕೆ ಪರಿಹಾರವನ್ನೂ ಅರಿಸ್ಟಾಟಲನೇ ಬೇರೊಂದೆಡೆ ಸೂಚಿಸಿದ್ದಾನೆ. ಮನೆ ಕಟ್ಟುತ್ತಲೇ ಮನುಷ್ಯ ಮನೆ ಕಟ್ಟುವವನಾಗುತ್ತಾನೆ, ವೀಣೆಯಂಥ ವಾದ್ಯವನ್ನು ನುಡಿಸುತ್ತಲೇ ವೈಣಿಕನಾಗುತ್ತಾನೆ ಎಂಬುದು ಅವನ ನೀತಿಶಾಸ್ತ್ರದ ಪ್ರಸಿದ್ಧ ವಿಚಾರ. ಸುಪ್ತವಾಗಿರುವ ಶಕ್ತಿ ಪ್ರಕಟವಾಗಲು ಕ್ರಿಯೆಯೊಂದೇ ದಾರಿ. ಸಂತ ತೋಮಸ್ ಅಕ್ವಿನಾಸರು ಇದೇ ತತ್ವದ ಮೇಲೆ ತಮ್ಮ ದರ್ಶನದ ಬಹುಭಾಗವನ್ನು ಕಟ್ಟಿದರು. ಹೀಗಿರುವಾಗ ವಾದ್ಯವನ್ನು ಆಯ್ದ ನಾಲ್ವರ ಕೈಗೆ ಮಾತ್ರ ಕೊಡುವ ಶಾಲೆಯು ಉಳಿದ ನೂರ ತೊಂಬತ್ತಾರು ಮಕ್ಕಳ ವಿಷಯದಲ್ಲಿ ಪರೀಕ್ಷೆಯನ್ನೇ ನಡೆಸದೆ ಫಲಿತಾಂಶ ಪ್ರಕಟಿಸಿದಂತಾಗುತ್ತದೆ. ಮೊದಲ ವರ್ಷ ಎಲ್ಲರ ಬೆರಳೂ ವಾದ್ಯವನ್ನು ಮುಟ್ಟಲಿ. ಆಮೇಲೆ ಆಸಕ್ತಿಯಿರುವವರು ತಾವಾಗಿಯೇ ಮುಂದೆ ಬರುತ್ತಾರೆ. ದಾವೀದನ ಕತೆಯಲ್ಲಿಯೂ ನಡೆದದ್ದು ಇದೇ. ಕುರಿ ಕಾಯುವ ಹುಡುಗನ ಕೈಯಲ್ಲಿ ಕಿನ್ನರಿಯಿತ್ತು. ಅದು ಅವನ ಕೈಯಲ್ಲಿದ್ದುದರಿಂದಲೇ ದೊರೆ ಸೌಲನ ಮನೋವ್ಯಥೆಗೆ ಮದ್ದು ದೊರಕಿತು.

ಕೈಗೆ ಕೊಟ್ಟರೆ ಕಳುವಾಗದೇ, ಮುರಿಯದೇ? ಪರಾಗ್ವೆ ದೇಶದ ಕಾತೆವುರಾ ಎಂಬ ಕಡೆ ಕಸದ ರಾಶಿಯ ಪಕ್ಕದಲ್ಲಿಯೇ ಬದುಕುವ ಜನರ ನಡುವೆ ಫಾವಿಯೋ ಚಾವೆಸ್ ಎಂಬ ತಂತ್ರಜ್ಞರು 2006ರಲ್ಲಿ ಮಕ್ಕಳಿಗೆ ಸಂಗೀತ ಕಲಿಸತೊಡಗಿದಾಗ ಎದುರಾದದ್ದು ಇದೇ ಭಯ. ಅಲ್ಲಿಯ ಮನೆಗಿಂತ ಪಿಟೀಲಿನ ಬೆಲೆ ಹೆಚ್ಚು. ಅಂಥದ್ದನ್ನು ಮಗುವಿನ ಕೈಯಲ್ಲಿ ಮನೆಗೆ ಕಳುಹಿಸುವುದೆಂದರೆ ಮಗುವನ್ನೇ ಅಪಾಯಕ್ಕೆ ಒಡ್ಡಿದಂತೆ. ಆಗ ಚಿಂದಿ ಆಯುತ್ತಿದ್ದ ನಿಕೊಲಾಸ್ ಗೋಮೆಸ್ ಎಂಬವರು ತಗಡಿನ ಡಬ್ಬ, ಹಳೆಯ ಮರ, ಬಿಸುಟ ಚಮಚಗಳಿಂದ ವಾದ್ಯಗಳನ್ನು ಮಾಡಿಕೊಟ್ಟರು. ಕದಿಯಲು ಯಾರಿಗೂ ಆಸೆಯಾಗದ ಆ ವಾದ್ಯಗಳನ್ನು ಮಕ್ಕಳು ಮನೆಗೊಯ್ದು ಸಾಧನೆ ಮಾಡಿದರು. ಮುಂದೆ ಅವುಗಳನ್ನೇ ಹಿಡಿದು ಹಲವು ದೇಶಗಳಲ್ಲಿ ನುಡಿಸಿದರು. ಬೆಲೆ ಕಡಿಮೆಯಿದ್ದುದೇ ಅಲ್ಲಿ ವರವಾಯಿತು. ನಾವೂ ಒಂದು ದುಬಾರಿ ಕೀಬೋರ್ಡಿನ ಬದಲು ಮೂವತ್ತು ಬಿದಿರಿನ ಕೊಳಲುಗಳನ್ನು ಕೊಡಬಹುದಲ್ಲವೇ?

ಯಾವ ವಾದ್ಯ?

ವಾದ್ಯಗಳ ಆಯ್ಕೆಯ ಹಿಂದೆ ನಾವು ಗಮನಿಸದ ಇನ್ನೊಂದು ವಿಚಾರವಿದೆ. ವಾದ್ಯಗಳಿಗೂ ಮೇಲು ಕೀಳುಗಳನ್ನು ಕಟ್ಟಿದವರು ನಾವು. ಜಗದ್ಗುರು ಹತ್ತನೆಯ ಭಕ್ತಿನಾಥರು, ಅಂದರೆ ಸಂತ ಹತ್ತನೆಯ ಪಿಯುಸ್ ಅವರು, 1903ರಲ್ಲಿ ಇದೇ ಸಿಸಿಲಿಯಾ ಹಬ್ಬದ ದಿನ ಹೊರಡಿಸಿದ ಆಜ್ಞಾಪತ್ರದಲ್ಲಿ ಪಿಯಾನೋ, ಡೋಲು, ತಾಳಗಳಂಥ ವಾದ್ಯಗಳನ್ನು ದೇವಾಲಯದೊಳಗೆ ನಿಷೇಧಿಸಿದ್ದರು. ಆರಾಧನೆಯ ಗಾಂಭೀರ್ಯವನ್ನು ಕಾಪಾಡುವುದು ಅವರ ಉದ್ದೇಶವಾಗಿತ್ತು. ಅರುವತ್ತು ವರ್ಷಗಳ ನಂತರ, 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯ ಕುರಿತಾದ ಸಂವಿಧಾನದಲ್ಲಿ ಆರ್ಗನ್ನಿನ ಹಿರಿಮೆಯನ್ನು ಎತ್ತಿಹಿಡಿಯುತ್ತಲೇ ಆಯಾ ಜನರ ಸಂಗೀತ ಪರಂಪರೆಗೂ, ತಕ್ಕ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಇಂದು ಕನ್ನಡ ಬಲಿಪೂಜೆಯಲ್ಲಿ ತಬಲ ಕೇಳಿಬರುತ್ತದೆಂದರೆ ಅದರ ಹಿಂದೆ ಈ ಇತಿಹಾಸವಿದೆ. ಲೋಕದಲ್ಲಿಯೂ ಹೀಗೆಯೇ. 1842ರಲ್ಲಿ ಪ್ಯಾರಿಸ್ ನಗರದಲ್ಲಿ ಹುಟ್ಟಿ, ಕಲ್ಕತ್ತೆಯ ಕುಶಲಕರ್ಮಿಗಳ ಕೈಯಲ್ಲಿ ನೆಲದ ಮೇಲೆ ಕುಳಿತು ನುಡಿಸುವ ರೂಪ ಪಡೆದ ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಒಗ್ಗದ ಪರದೇಶಿಯೆಂದು 1940ರಿಂದ ಸುಮಾರು ಮೂರು ದಶಕ ಆಕಾಶವಾಣಿಯಿಂದ ಹೊರಗಿತ್ತು. ಇಂದು ಹಾರ್ಮೋನಿಯಂ ಇಲ್ಲದ ಭಜನೆಯನ್ನು ಯಾರು ಊಹಿಸಬಲ್ಲರು?

ನಮ್ಮ ಹಳ್ಳಿಗಳಲ್ಲಿ ಇನ್ನೂ ಹೊರಗೆ ನಿಂತಿರುವ ವಾದ್ಯವೆಂದರೆ ತಮಟೆ. ಅದರ ಸದ್ದು ಎಲ್ಲರ ಜಾತ್ರೆಗೂ ಬೇಕು, ಎಲ್ಲರ ಸಾವಿಗೂ ಬೇಕು. ಆದರೆ ಬಾರಿಸುವ ಕೈಗೆ ಮನೆಯೊಳಗೆ ನೀರು ಸಿಗದ ಕಾಲವೊಂದಿತ್ತು, ಆ ಕಾಲ ಪೂರ್ತಿ ಕಳೆದಿದೆಯೆಂದು ಎದೆ ತಟ್ಟಿ ಹೇಳುವಂತಿಲ್ಲ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಾಗ ಆ ವಾದ್ಯಕ್ಕೆ ದೇಶದ ಗೌರವ ಸಂದಿತು. ಚರ್ಮವಾದ್ಯದಿಂದಲೇ ಹೆಸರು ಪಡೆದಿತೆಂದು ಹೇಳುವ ಜಿಲ್ಲೆಯಲ್ಲಿ, ಶಾಲೆಗೆ ಕೊಡುವ ವಾದ್ಯಗಳ ನಡುವೆ ನಾಲ್ಕು ತಮಟೆಗಳಿರಲಿ. ಅವುಗಳನ್ನು ಎಲ್ಲ ಕೇರಿಯ, ಎಲ್ಲ ಮತದ ಮಕ್ಕಳೂ ಸರದಿಯಲ್ಲಿ ಬಾರಿಸಲಿ. ಕಲಿಸಲು ಊರಿನ ತಮಟೆಯ ಹಿರಿಯರನ್ನೇ 'ಗುರುಗಳೇ' ಎಂದು ಕರೆದು, ಕುರ್ಚಿ ಹಾಕಿ ಕೂರಿಸಲಿ. ಸಮಾನತೆಯ ಕುರಿತು ಹತ್ತು ಭಾಷಣಗಳು ಮಾಡಲಾಗದ ಕೆಲಸವನ್ನು ಆ ಒಂದು ಗಂಟೆಯ ಪಾಠ ಮಾಡೀತು.

ಕೊಡುವವರಿಗೆ ಕೆಲವು ಮಾತು

ಮೊದಲನೆಯದಾಗಿ, ಕೊಡುವ ಮುನ್ನ ಕೇಳಿ. ಮುಖ್ಯೋಪಾಧ್ಯಾಯರೊಂದಿಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರೊಂದಿಗೂ ಕುಳಿತು ಮಾತನಾಡಿ, ವಾರದಲ್ಲಿ ಯಾವ ದಿನ, ಯಾವ ಹೊತ್ತು, ಯಾವ ಕೊಠಡಿ ಎಂಬುದು ನಿಶ್ಚಯವಾಗದ ಹೊರತು ಅಂಗಡಿಗೆ ಹೋಗಬೇಡಿ.

ಎರಡನೆಯದಾಗಿ, ಕೂಡಿಸಿದ ಹಣವನ್ನು ಎರಡು ಭಾಗ ಮಾಡಿ. ಅರ್ಧ ವಾದ್ಯಕ್ಕೆ, ಅರ್ಧ ವರ್ಷವಿಡೀ ಕಲಿಸುವವರ ಗೌರವಧನಕ್ಕೂ ದುರಸ್ತಿಗೂ ಇರಲಿ. ನಮ್ಮ ಗಾನವೃಂದಗಳಲ್ಲಿ ಹಾರ್ಮೋನಿಯಂ, ತಬಲ, ಗಿಟಾರು ಬಲ್ಲ ಯುವಕ ಯುವತಿಯರಿದ್ದಾರೆ. ಭಾನುವಾರದ ಬಲಿಪೂಜೆಗೆ ಮೀಸಲಾಗಿರುವ ಅವರ ವಿದ್ಯೆ ಶನಿವಾರ ಒಂದು ಗಂಟೆ ಸರ್ಕಾರಿ ಶಾಲೆಯ ಮಕ್ಕಳ ನಡುವೆ ಕುಳಿತರೆ ಕುಂದುವುದಿಲ್ಲ. ಆ ಪಾಠದಲ್ಲಿ ಧರ್ಮಪ್ರಚಾರದ ಸೋಂಕೂ ಇರಬಾರದೆಂದು ಬೇರೆ ಹೇಳಬೇಕಾಗಿಲ್ಲ. ಮಕ್ಕಳು ಕುಣಿಗಲ್ ಕೆರೆಯ ಹಾಡನ್ನು, ಗುಬ್ಬಿ ಕಂಪನಿಯ ರಂಗಗೀತೆಗಳನ್ನು, ವಚನಗಳನ್ನು ಕಲಿಯಲಿ. ಸ್ವರವನ್ನು ಸೃಷ್ಟಿಸಿದ ದೇವರಿಗೆ ಅದೇ ಸಾಕಷ್ಟು ಸ್ತುತಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ವಾದ್ಯದೊಂದಿಗೆ ಒಂದು ಪತ್ರವನ್ನು ಬರೆದು ಕೊಡಿ. ಈ ವಾದ್ಯಗಳು ಮಕ್ಕಳು ಬಳಸಲೆಂದೇ ಕೊಟ್ಟವು, ಬಳಕೆಯಿಂದ ಸವೆದರೆ ಅಥವಾ ಮುರಿದರೆ ಅದನ್ನು ದಾನಿಗಳು ನಷ್ಟವೆಂದು ಎಣಿಸುವುದಿಲ್ಲ, ವರ್ಷಕ್ಕೊಮ್ಮೆ ಬಂದು ದುರಸ್ತಿ ಮಾಡಿಸಿಕೊಡುತ್ತೇವೆ ಎಂದು ಸಹಿ ಹಾಕಿ. ಅದರ ಪ್ರತಿ ದಾಸ್ತಾನು ವಹಿಯ ಜೊತೆಗಿರಲಿ. ಪತ್ರದಿಂದ ಸರ್ಕಾರಿ ನಿಯಮ ಬದಲಾಗದಿರಬಹುದು. ಆದರೆ ಮುಖ್ಯೋಪಾಧ್ಯಾಯರ ಎದೆಯ ಮೇಲಿನ ಭಾರ ಇಳಿಯುತ್ತದೆ. ಬೀಗ ತೆಗೆಯಲು ಅವರಿಗೆ ಬೇಕಾಗಿರುವುದು ಉಪದೇಶವಲ್ಲ, ಧೈರ್ಯ.

ಕೊನೆಯದಾಗಿ, ಹೆಸರಿನ ಮಾತು. ದಾನಿಗಳ ಹೆಸರು, ಅವರ ತಂದೆಯ ಹೆಸರು, ಅಂಗಡಿಯ ಹೆಸರುಗಳನ್ನು ಬರೆಸಿ ಬರೆಸಿ ಬೆಳಕೇ ಹೊರಬಾರದಂತಾದ ಟ್ಯೂಬ್‌ಲೈಟುಗಳನ್ನು ನಮ್ಮ ಊರುಗಳ ಸಮುದಾಯ ಭವನಗಳಲ್ಲಿ ಕಂಡಿದ್ದೇವೆ. ಹಾರ್ಮೋನಿಯಂ ಮೇಲೆ ಅಂಥ ಬರಹ ಬೇಡ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಕಲಿಸಿದ ಗುರುವಿನ ಶಿಷ್ಯರು ನಾವು. ಹೆಸರು ಬರೆಯಲೇಬೇಕೆಂದಿದ್ದರೆ ಕಲಿತ ಮಕ್ಕಳ ಹೆಸರನ್ನು ವರ್ಷ ವರ್ಷವೂ ಒಂದು ಹಲಗೆಯ ಮೇಲೆ ಬರೆಸಿ.

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ, ಪ್ರೀತಿಯಿಲ್ಲದ ಮಾತನ್ನು ಗಣಗಣಿಸುವ ತಾಳಕ್ಕೆ ಹೋಲಿಸಿದ್ದಾರೆ. ತಾಳವೇನೋ ಪ್ರೀತಿಯಿಲ್ಲದೆಯೂ ಸದ್ದು ಮಾಡುತ್ತದೆ. ಆದರೆ ಮಗುವೊಂದು ತಾಳ ಹಿಡಿಯಲು ಕಲಿಯಬೇಕಾದರೆ ಅದರ ಪಕ್ಕದಲ್ಲಿ ಯಾರಾದರೂ ಕುಳಿತು, ತಪ್ಪಿದಾಗ ಗದರದೆ, ಮತ್ತೊಮ್ಮೆ ಮೊದಲಿನಿಂದ ಎಣಿಸಬೇಕು. ವಾದ್ಯವನ್ನು ಹಣ ಕೊಳ್ಳಬಲ್ಲದು. ಹಾಗೆ ಕುಳಿತು ಎಣಿಸುವವರನ್ನು ಪ್ರೀತಿಯೊಂದೇ ಕಳುಹಿಸಬಲ್ಲದು. ಈ ಸಲದ ಕ್ರಿಸ್ತಜಯಂತಿಗೆ ನಮ್ಮ ಯುವಜನರು ತುಮಕೂರಿನಲ್ಲೋ ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ಒಂದು ಶಾಲೆಯನ್ನು ಆರಿಸಿಕೊಂಡು, ವಾದ್ಯದೊಂದಿಗೆ ತಮ್ಮ ವಾರದ ಒಂದು ಗಂಟೆಯನ್ನೂ ಕೊಡಲಿ.